ಹಾಳೆ ಹೊರಳಿಸುವ ಮುಳ್ಳು

ಕಾಕಾನ ಬಲಗಿವಿಯ ಮೇಲೆ ಒಂದು ಮುಳ್ಳುಹಂದಿಯ ಮುಳ್ಳು ಇರುತ್ತಿತ್ತು, ಬಡಗಿಯ ಕಿವಿಯ ಮೇಲೆ ಪೆನ್ಸಿಲ್ ಇರುವ ಹಾಗೆ. ಗೇಣುದ್ದದ್ದು, ಕಪ್ಪು ಬಿಳಿ ಪಟ್ಟಿಯದು. ನನ್ನ ಅಪ್ಪನ ತಮ್ಮನಾದ ಆತ ಕಲಘಟಗಿ ಕಡೆಯ ಕಾಡಿನಲ್ಲಿ ಗಾರ್ಡ್ ಆಗಿದ್ದ. ಎಂಬತ್ತರ ದಶಕದ ಆರಂಭದಲ್ಲಿ ನಿವೃತ್ತನಾಗಿ ಯರಗುಪ್ಪಿಗೆ ಬಂದಾಗ ಕಾಡಿನಿಂದ ತಂದದ್ದು ಅದೊಂದೇ. ನಮ್ಮೂರ ಎರೆಹೊಲದಲ್ಲಿ ಎತ್ತ ನೋಡಿದರೂ ನಾಲ್ಕು ಜಾಲಿಗಿಡ. "ಇಲ್ಲಿ ನರಿಗೂ ನೆರಳಿಲ್ಲ," ಎನ್ನುತ್ತ ಕಾಕಾ ಇನ್ನೂರು ಪುಟದ ನೋಟಬುಕ್ಕಿನಲ್ಲಿ ಒಂದು ಕಾಡನ್ನೇ ಬರೆಯತೊಡಗಿದ.

ಅದು ಪ್ರಾಣಿಗಳ ಯುದ್ಧದ ಕಾದಂಬರಿ. ಒಂದು ಹೊಂಡದ ನೀರಿಗಾಗಿ ನರಿಗಳ ದಂಡಿಗೂ ಮೊಲಗಳ ದಂಡಿಗೂ ಕಾಳಗ. ಮೊಲಗಳ ಪಕ್ಷದಲ್ಲಿ ಮುಳ್ಳುಹಂದಿ ಅಜ್ಜಿ ಒಬ್ಬಳು. ಆಕೆ ಮೈಯ ಮುಳ್ಳು ಕಿತ್ತು ನೆಟ್ಟರೆ ಅಲ್ಲಿ ಕೋಟೆಯ ಹಾಗೆ ಬಿದಿರ ಮೆಳೆ ಏಳುತ್ತಿತ್ತು. ಕೊನೆಯ ಮುಳ್ಳೂ ಹೋದರೆ ಆಕೆಗೆ ಸಾವು. ಇಷ್ಟು ನನಗೆ ತಿಳಿದದ್ದು ಓದಿ ಅಲ್ಲ, ಸಂಜೆ ಕಟ್ಟೆಯ ಮೇಲೆ ಕಾಕಾ ಓಣಿಯ ಮಕ್ಕಳಿಗೆ ಹೇಳುವುದು ಕಿವಿಗೆ ಬಿದ್ದು.

ಮನೆಯಲ್ಲಿ ಮ್ಯಾಟ್ರಿಕ್ ಮುಗಿಸಿದವಳು ನಾನೊಬ್ಬಳೇ. ಕಣ್ಣು ಮಂಜಾಗಿದ್ದರಿಂದ ಕಾಕಾನಿಗೆ ದಪ್ಪ ಅಕ್ಷರದಲ್ಲಿ ಬರೆಯಲು ಬರುತ್ತಿತ್ತು, ಬರೆದದ್ದನ್ನು ತಿರುಗಿ ಓದಲು ಆಗುತ್ತಿರಲಿಲ್ಲ. ನೀನು ಓದಿ ಎಲ್ಲಿ ತಪ್ಪಿದೆ ಹೇಳು ಎಂದು ನೋಟಬುಕ್ ನನ್ನ ಮುಂದೆ ಇಟ್ಟ. ನಾನು ಮೆಣಸಿನಕಾಯಿಯ ರಾಶಿ ಎದುರಿಗಿಟ್ಟುಕೊಂಡು ತೊಟ್ಟು ಮುರಿಯುತ್ತಿದ್ದೆ.

"ಕೈಗೆಲ್ಲಾ ಖಾರ ಹತ್ತೇತಿ ಕಾಕಾ. ಹಾಳಿ ಹೆಂಗ ಮುಟ್ಟಲಿ?"

ಕಾಕಾ ಕಿವಿಯ ಮೇಲಿನ ಮುಳ್ಳು ತೆಗೆದುಕೊಟ್ಟ. "ತಗೋ ಯವ್ವಾ. ಇದರಿಂದ ಹಾಳಿ ಹೊಳ್ಳಸು, ಬೆರಳ ಹಚ್ಚೂದ ಬ್ಯಾಡ."

ಅಂದಿನಿಂದ ಆತನ ಕಿವಿ ಬರಿದಾಯಿತು. ನಾನು ಆ ಮುಳ್ಳಿನಿಂದ ಬೈತಲೆ ತೆಗೆದುಕೊಳ್ಳುತ್ತಿದ್ದೆ. ನೋಟಬುಕ್ ತೆರೆಯಲೇ ಇಲ್ಲ.

ಎಂಟು ದಿನ ಬಿಟ್ಟು ಕಾಕಾ ಬಂದು ಪಕ್ಕದಲ್ಲಿ ಕುಳಿತ. "ಓದಿದೇನು? ಕಡೀಕ ಅಜ್ಜಿನ್ನ ಬದುಕಿಸೀನಿ. ಖರೆ ಅನಸ್ತೈತಿ?"

"ಓದೀನಿ. ಮುದುಕಿ ಎಷ್ಟಂತ ಬದುಕತಾಳ? ಸಾಯ್ಲಿ ಬಿಡು."

"ಪೂರಾ ಓದಿ ಹೇಳಾಕತ್ತೀಯಿಲ್ಲೊ?"

"ಹೌದಂದ್ನೆಲ್ಲ ಕಾಕಾ!"

ಆತ ನೋಟಬುಕ್ ತೆಗೆದುಕೊಂಡು ಹೋದ.

ಮೂರು ದಿನದ ಮೇಲೆ ಕಟ್ಟೆಯಲ್ಲಿ ಅಜ್ಜಿಯ ಸಾವು ಹೇಳಿದ. ಮುಂದೆ ಕುಳಿತಿದ್ದ ಬಾಜು ಮನೆಯ ಹುಡುಗಿ ಎದ್ದು ನಿಂತು, "ಅಜ್ಜಾ, ನೀ ಸುಳ್ಳ ಹೇಳಾಕತ್ತಿ!" ಎಂದು ಅಳುತ್ತ ಓಡಿದಳು. ಮರುದಿನ ಸಂಜೆ ಮಕ್ಕಳ್ಯಾರೂ ಬರಲಿಲ್ಲ. ಕಾಕಾ ನನ್ನ ಕಡೆ ತಿರುಗಿ, "ಓದಿದಾಕಿ ನೀ. ನೀ ಹೇಳಿದ ಮ್ಯಾಲ ಅದ ಬರೋಬರಿ. ಹುಡುಗೂರಿಗೇನ ತಿಳೀತೈತಿ," ಎಂದ. ಆಗಲಾದರೂ ನಿಜ ಹೇಳಬಹುದಿತ್ತು. ನಾನು ತಲೆ ಎತ್ತದೆ ತೊಟ್ಟು ಮುರಿಯುತ್ತಲೇ ಇದ್ದೆ.

ಕಾಕಾ ಮತ್ತೆ ಒಂದು ಸಾಲೂ ಬರೆಯಲಿಲ್ಲ. ಮರುವರ್ಷ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಟ್ರಂಕಿನಲ್ಲಿ ನೋಟಬುಕ್ ಸಿಕ್ಕಿತು. ಮುಳ್ಳಿನಿಂದಲೇ ಒಂದೊಂದು ಹಾಳೆ ಹೊರಳಿಸಿ ಓದಿದೆ. ಕೊನೆಯ ನಾಲ್ಕು ಪುಟಗಳಿಗೆ ಅಡ್ಡ ಗೆರೆ ಎಳೆದಿತ್ತು, ಅಕ್ಷರ ಕಾಣುವಷ್ಟು ತೆಳ್ಳಗೆ. ಅಜ್ಜಿ ಕೊನೆಯ ಮುಳ್ಳು ನೆಡುತ್ತಾಳೆ. ಎದ್ದ ಮೆಳೆಯೊಳಗೆ ನರಿಯ ಮರಿ, ಮೊಲದ ಮರಿ ಎರಡೂ ಸಿಕ್ಕಿಬೀಳುತ್ತವೆ. ಎರಡೂ ದಂಡುಗಳು ಕಾಳಗ ಬಿಟ್ಟು ಕೂಡಿ ಬಿದಿರು ಸರಿಸುತ್ತವೆ. ಆಮೇಲೆ ನರಿಗಳ ರಾಣಿ ಮೆಳೆಯ ಬುಡದಲ್ಲಿ ಉಳಿದಿದ್ದ ಆ ಮುಳ್ಳನ್ನು ಬಾಯಲ್ಲಿ ಕಚ್ಚಿ ತಂದು ಅಜ್ಜಿಯ ಬೆನ್ನಿಗೆ ಸಿಕ್ಕಿಸುತ್ತಾಳೆ: "ನಿಂದು ನಿನಗ ಇರಲಿ." ಅಂಚಿನಲ್ಲಿ ಕಾಕಾನ ದಪ್ಪ ಅಕ್ಷರ: "ಮಗಳು ಓದಿದ್ದಾಳೆ. ಆಕೆ ಹೇಳಿದ್ದೇ ಸರಿ."

ಅಂದು ಅಳುತ್ತ ಓಡಿದ ಹುಡುಗಿ ಈಗ ಮಕ್ಕಳ ತಾಯಿ. ಈ ಸಲ ತವರಿಗೆ ಬಂದಾಗ ಆಕೆಗೆ ಆ ನಾಲ್ಕು ಪುಟ ಓದಿ ಹೇಳಿದೆ. ಆಕೆ ನೋಟಬುಕ್ ಕೈಗೆ ತೆಗೆದುಕೊಂಡು, "ಇಷ್ಟ ಚೊಲೋ ಬರದಿದ್ರಲ್ಲಕ್ಕಾ! ಮತ್ಯಾಕ ಅಜ್ಜಿನ್ನ ಕೊಂದ್ರು?" ಎಂದು ಕೇಳಿದಳು.

ಕೊಂದದ್ದು ಕಾಕಾ ಅಲ್ಲ, ನಾನು. ಅವಳೆದುರು ಆ ಮಾತು ಬಾಯಿಗೆ ಬರಲಿಲ್ಲ. ಇಲ್ಲಿ ಬರೆದಿದ್ದೇನೆ.