ಎಂಜಿನ್ ನಿಲ್ಲಿಸಿದ ತಾಸು

ಗಿರಣಿ ಅಕ್ಕನ ಹುಬ್ಬು, ರೆಪ್ಪೆ, ಮೂಗಿನ ತುದಿ ಯಾವಾಗಲೂ ಜೋಳದ ಹಿಟ್ಟಿನಿಂದ ಬೆಳ್ಳಗಿರುತ್ತಿದ್ದವು. ಕಾಗವಾಡದ ಹತ್ತಿರ, ಕೃಷ್ಣಾ ಹೊಳೆಯ ದಂಡೆಯ ನಮ್ಮೂರಿನಲ್ಲಿ ಅವರದೊಂದೇ ಹಿಟ್ಟಿನ ಗಿರಣಿ. ಗಂಡ ತೀರಿದ ಮೇಲೆ ತಾವೇ ನಡೆಸುತ್ತಿದ್ದರು. ಆ ಸಪ್ಪಳದಲ್ಲೇ ವರ್ಷಗಟ್ಟಲೆ ಇದ್ದು ಮೆಲ್ಲಗೆ ಮಾತಾಡುವುದೇ ಅವರಿಗೆ ಮರೆತುಹೋಗಿತ್ತು. "ಉಪ್ಪ ಐತೇನ?" ಎಂದು ಕೇಳಿದರೂ ಜಗಳಕ್ಕೆ ಬಂದಂತೆ.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಎಂಟು ತಿಂಗಳ ಮಗಳು ಜ್ವರದಲ್ಲಿ ಹೋದಳು. ನನಗೆ ಅಳು ಬರಲಿಲ್ಲ. ಮನೆ ತುಂಬ ಹೆಂಗಸರು ಕೂತು, "ಅಳವ್ವಾ, ಎದಿ ಹಗರಾಗತೈತಿ" ಎನ್ನುತ್ತಿದ್ದರು. ನಾನು ಕಂಬಕ್ಕೆ ಒರಗಿ ಅವರ ಬಾಯಿಗಳನ್ನು ನೋಡುತ್ತಿದ್ದೆ. ಹದಿನೈದು ದಿನ ಕಳೆದಿರಬೇಕು, ಒಂದು ಸಂಜೆ ಗಿರಣಿ ಅಕ್ಕ ಬಾಗಿಲಲ್ಲಿ ನಿಂತು, "ಏಳ ತಂಗಿ, ಹೊಳಿಗೆ ಹೋಗಿ ಬರೋಣು" ಅಂದರು.

ಹೊಳೆ ತಿರುಗುವಲ್ಲಿ ಒಂದು ಜಾಲಿಗಿಡ. ಅದರ ಬುಡದಲ್ಲಿ ಅವರು ದಿನಾ ಬಂದು ಕೂಡುತ್ತಿದ್ದರಂತೆ. ಕೂತೆವು. ನೀರು ಹರಿಯುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಆಚೆ ದಂಡೆಯಲ್ಲಿ ನಾಲ್ಕು ಬೆಳ್ಳಕ್ಕಿ. ಅಕ್ಕ ಒಂದು ಮಾತೂ ಆಡಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಸೀರೆ ಝಾಡಿಸಿಕೊಂಡರು. ಹೀಗೇ ದಿನಾ. ತಿಂಗಳಾದ ಮೇಲೆ ನಾನೇ ಕೇಳಿದೆ: "ನೀವು ನನಗ ಏನೂ ಹೇಳೂದಿಲ್ಲಲ್ರಿ ಅಕ್ಕಾ?"

"ಏನ್ ಹೇಳ್ಲಿ? ಹೇಳಿದ್ರ ಕೂಸು ತಿರುಗಿ ಬರ್ತೈತೇನು? ಸುಮ್ನ ಕುಂಡ್ರು."

ನನ್ನ ಎದೆ ಹಗುರವಾಗಲಿಲ್ಲ. ಅಲ್ಲಿ ಯಾರಿಗೂ ಅಳು ತೋರಿಸಬೇಕಾಗಿರಲಿಲ್ಲ, ಅಷ್ಟೇ.

ಮರುವರ್ಷ ನಮ್ಮೂರ ಸಾವಕಾರರೊಬ್ಬರು ಕಬ್ಬಿಗೆ ನೀರೆತ್ತಲು ಗಿಡದ ಮಗ್ಗುಲಲ್ಲೇ ಡೀಸೆಲ್ ಎಂಜಿನ್ ಕೂಡಿಸಿದರು. ಕೂತ ನೆಲವೇ ನಡುಗುತ್ತಿತ್ತು. ನಾಲ್ಕು ದಿನ ತಡೆದುಕೊಂಡ ಅಕ್ಕ ಐದನೆಯ ದಿನ ಅವರ ಮುಂದೆ ಹೋಗಿ ನಿಂತರು.

"ಸಾವಕಾರ್ರ, ಸಂಜಿಮುಂದ ಒಂದ್ ತಾಸ್ ಎಂಜಿನ್ ಬಂದ್ ಇಡ್ರಿ."

ಅವರು ನಕ್ಕರು. "ನಿಮ್ಮ ಗಿರಣಿ ನಮ್ಮ ಮನಿ ಗ್ವಾಡಿಗೇ ಹತ್ತಿ ಐತಿ. ಹಾಸಿಗಿ ಹಿಡಿದ ನಮ್ಮವ್ವ ಮಧ್ಯಾಹ್ನ ನಿದ್ದಿ ಮಾಡಿ ಎಷ್ಟ ದಿನ ಆತು ಗೊತ್ತೇನ್ರಿ? ನಾ ಎಂದಾರ ನಿಮಗ ಬಂದ್ ಮಾಡ್ರಿ ಅಂದೇನೇನು?"

ಅಕ್ಕನ ಮುಖ ಸಣ್ಣದಾಯಿತು. "ಖರೇ ಐತ್ರಿ. ನನಗ ತಿಳೀಲೇ ಇಲ್ಲ" ಎಂದು ತಿರುಗಿ ಬಂದರು.

ಮರುದಿನದಿಂದ ಮಧ್ಯಾಹ್ನ ಎರಡು ತಾಸು ಗಿರಣಿ ನಿಂತಿತು. ಬುಟ್ಟಿ ಹೊತ್ತು ಬಂದವರು ಬೈದರು, ಕೆಲವರು ಪಕ್ಕದ ಊರಿಗೆ ಹೋದರು. ಅಕ್ಕ ಜಗ್ಗಲಿಲ್ಲ. ಎಂಟನೆಯ ಸಂಜೆ ನಾವು ಇಳಿದು ಬರುವುದನ್ನು ಕಂಡ ಸಾವಕಾರರು ತಾವೇ ಎಂಜಿನ್ ನಿಲ್ಲಿಸಿ, ದೂರ ಬದುವಿನ ಮೇಲೆ ಹೋಗಿ ಕೂತರು.

ಏಳೆಂಟು ವರ್ಷ ಹೀಗೆ ನಡೆಯಿತು. ಬರಬರುತ್ತ ಅಕ್ಕನ ಕಿವಿ ಪೂರ್ತಿ ಹೋಯಿತು. ಒಂದು ದಿನ ನನಗೆ ಹೇಳಿದರು: "ಇನ್ನ ಎಂಜಿನ್ ನಿಲ್ಸೂದ್ ಬ್ಯಾಡಂತ ಸಾವಕಾರ್ರಿಗೆ ಹೇಳ. ನನಗೀಗ ಕೇಳಂಗಿಲ್ಲ. ಅವರ ಕಬ್ಬಿಗೆ ಸುಮ್ನ ಯಾಕ ನೀರ್ ತಪ್ಪಬೇಕು?"

ತಲೆಯಾಡಿಸಿದೆ. ಆದರೆ ಸಾವಕಾರರಿಗೆ ಹೇಳಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಅವತ್ತೂ ನನಗೆ ಅಳು ಬರಲಿಲ್ಲ. ಮಣ್ಣಿಗೆ ಹೋಗಿ ಬರುವಾಗ ಸಾವಕಾರರು ನನ್ನನ್ನು ನಿಲ್ಲಿಸಿ, "ಇನ್ನ ಎಂಜಿನ್ ಬಂದ್ ಇಡೂದ್ ಬ್ಯಾಡಲ್ಲ, ತಂಗಿ?" ಎಂದು ಕೇಳಿದರು.

"ಬಂದ್ ಇಡ್ರಿ. ನಾ ಹೊಳಿಗೆ ಬರ್ತೀನಿ" ಅಂದೆ.

ಮಗಳು ಹೋದ ಮೇಲೆ ನನಗೆ ಬೇಕೆಂದು ಯಾರನ್ನಾದರೂ ಏನನ್ನಾದರೂ ಕೇಳಿಕೊಂಡಿದ್ದು ಅದೇ ಮೊದಲು.