ಲಗಮಣ್ಣನ ಮೂವತ್ತು ದಿನ

ಲಗಮಣ್ಣ ಮಗದುಮ್ ಮಿರಜದ ಹಳೆಯ ವಾಡೆ ಬಿಟ್ಟು ಕುಪವಾಡದ ಫ್ಲ್ಯಾಟಿಗೆ ಬಂದಾಗ, ಸಾಮಾನೆಲ್ಲ ಸಾಗಿಸಿದ ಮೇಲೂ ಹಳೆಯ ಮನೆಯ ಕೀಲಿಯನ್ನು ಮೂವತ್ತು ದಿನ ಮಾಲೀಕನಿಗೆ ಕೊಡಲಿಲ್ಲ. ಹೆಂಡತಿ ವೃಷಾಲಿ, "ಖಾಲಿ ಖೋಲ್ಯಾಗ ಏನೈತಿ ಅಂತ ಕಾಯ್ತೀರಿ?" ಎಂದಳು. "ಏನರ ಉಳದಿದ್ರ?" ಎಂದ. ಒಂದು ಜರಡಿ ಉಳಿದಿತ್ತು. ಇಪ್ಪತ್ತೆಂಟನೆಯ ದಿನ ಸಿಕ್ಕಿತು.

ನಮ್ಮ ಸಕ್ಕರೆ ಕಾರ್ಖಾನೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರ ಅವನ ಸುಪರ್ದಿಯಲ್ಲಿತ್ತು. ಪಕ್ಕದ ಮೇಜಿನಲ್ಲಿ ನಾನು ಯಾರ ಕಬ್ಬನ್ನು ಮೊದಲು ಕಡಿಯಬೇಕೆಂಬ ಪಾಳಿಯ ಪಟ್ಟಿ ತೆಗೆಯುತ್ತಿದ್ದೆ. ಕಬ್ಬು ನೆಟ್ಟ ದಿನ ರೈತನ ಹೆಸರಲ್ಲೊಂದು ಫೈಲು, ಫೈಲಿನ ತಾರೀಖು ಹಳೆಯದಾದಷ್ಟೂ ಪಾಳಿ ಮುಂದೆ.

೧೯೯೭ರಲ್ಲಿ ಆ ಫೈಲುಗಳಿದ್ದ ಜಾಗ ತುಂಬಿತು. ಡಿಸ್ಕಿನೊಳಗೆ ಪಾಲು ಹಾಕಿಕೊಂಡ ಇಂಥ ಜಾಗಕ್ಕೆ ಲಾಜಿಕಲ್ ವಾಲ್ಯೂಮ್ ಎನ್ನುತ್ತಾರೆ. ಲಗಮಣ್ಣ ದೊಡ್ಡದೊಂದು ಹೊಸ ವಾಲ್ಯೂಮ್ ಮಾಡಿಟ್ಟ. ಫೈಲುಗಳೆಲ್ಲ ಇದ್ದ ಇಡೀ ಫೈಲ್ ಸಿಸ್ಟಮ್ಮನ್ನು ಅದಕ್ಕೆ ನಕಲು ಮಾಡುವುದಷ್ಟೇ ಬಾಕಿ. ಅಷ್ಟರಲ್ಲಿ ಐದು ಗಂಟೆ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುವುದಿಲ್ಲ.

"ನಾಳೆ ಮುಂಜಾನೆ ಮಾಡೂಣು. ನೀ ಕೈ ಹಚ್ಚಬ್ಯಾಡ," ಎಂದು ಸೈಕಲ್ ಹತ್ತಿದ.

ನಾನೂ ಜೈನನೇ, ಆದರೆ ನನ್ನ ಊಟ ಸೂರ್ಯನನ್ನು ಕೇಳುವುದಿಲ್ಲ. ಮೂರು ವರ್ಷ ಪಕ್ಕದಲ್ಲಿ ಕುಳಿತಿದ್ದರಿಂದ ಯುನಿಕ್ಸ್ ಬರುತ್ತದೆಂಬ ನಂಬಿಕೆಯೂ ಇತ್ತು. ನಕಲು ಮಾಡಿದೆ. ಫೈಲು ಎಣಿಸಿದೆ, ಸರಿಯಿತ್ತು. ಹೊಸ ಜಾಗದಿಂದಲೇ ಪಟ್ಟಿ ತೆಗೆದು ಬೆಳಿಗ್ಗೆ ಗೇಟಿನ ಫಲಕಕ್ಕೆ ಅಂಟಿಸಿದೆ.

ಹತ್ತು ಗಂಟೆಗೆ ಕವಲಾಪುರದ ಸಖುಬಾಯಿ ಬಂದಳು.

"ನಂದು ಹನ್ನೊಂದನೇ ಪಾಳಿ ಇತ್ತಲ್ರಿ. ಈಗ ಆರನೂರಾ ನಾಕಂತ. ಕಬ್ಬು ಹೂ ಬಿಟ್ಟೈತಿ. ಅಲ್ಲೀತನಕಾ ನಿಂತ್ರ ಒಲಿಗೆ ಹಾಕಬೇಕು."

"ಮೊದಲನೇದು ಯಾರ್ದು?" ಲಗಮಣ್ಣ ನನ್ನನ್ನು ಕೇಳಿದ.

"ಆದಿನಾಥಂದು. ನನ್ನ ಹೆಂಡ್ತಿ ತಮ್ಮ."

"ಹೆಂಡ್ತಿ ತಮ್ಮ ಅಂದ್ಮ್ಯಾಲ ಮೊದಲ ಇರಬೇಕಲ್ರಿ," ಎಂದಳು ಸಖುಬಾಯಿ.

ಲಗಮಣ್ಣ ಪರದೆ ನೋಡಿದ. ನಕಲು ಮಾಡುವಾಗ ಹಳೆಯ ತಾರೀಖು ಉಳಿಸೆಂದು ಯಂತ್ರಕ್ಕೆ ಹೇಳಬೇಕು. ಇಲ್ಲದಿದ್ದರೆ ನಕಲಾದ ಹೊತ್ತೇ ತಾರೀಖು. ನಾನು ಹೇಳಿರಲಿಲ್ಲ. ಇಡೀ ತಾಲೂಕು ನಿನ್ನೆ ಸಂಜೆ ಕಬ್ಬು ನೆಟ್ಟಿತ್ತು, ಅದೂ ಹೆಸರಿನ ಇಂಗ್ಲಿಷ್ ಅಕ್ಷರಕ್ರಮದಲ್ಲಿ: ಆದಿನಾಥನ ಎ ಮೊದಲು, ಸಖುಬಾಯಿಯ ಎಸ್ ಎಲ್ಲೋ ಹಿಂದೆ.

"ಹಳೇದು ಅಳಸೀಯೇನು?" ಎಂದ.

"ಅಳಸಾಕ ಹೊಂಟಿದ್ದೆ. ನಿನ್ನ ಚೀಟಿ ಕಂಡು ಬಿಟ್ಟೆ."

ಯಂತ್ರದ ಮೇಲೆ ಅವನ ಅಕ್ಷರದಲ್ಲಿ ಚೀಟಿಯಿತ್ತು: ಹಳೆಯದು ಮೂವತ್ತು ದಿನ ಇರಲಿ.

ಅವನು ತಾರೀಖುಗಳ ಸಮೇತ ಮತ್ತೆ ನಕಲು ಮಾಡಿದ. ಸಖುಬಾಯಿ ಕದಲಲಿಲ್ಲ. ಮಧ್ಯಾಹ್ನ ಹೊಸ ಪಟ್ಟಿಯಲ್ಲಿ ಹನ್ನೊಂದರ ಮೇಲೆ ಬೆರಳಿಟ್ಟು ನೋಡಿಯೇ ಹೊರಟಳು. ಆದಿನಾಥನದು ಇನ್ನೂರಾ ಏಳಾಯಿತು. ಕಬ್ಬು ಕಡಿಯುವ ಟೋಳಿಗೆ ಅವನು ಆಗಲೇ ಊಟ ಹಾಕಿಸಿದ್ದನಂತೆ. ನಮ್ಮ ಮನೆಗೆ ಆ ವರ್ಷ ಅವನ ಬೆಲ್ಲ ಬರಲಿಲ್ಲ.

ಮೂವತ್ತನೆಯ ದಿನಕ್ಕೆ ಸಖುಬಾಯಿಯ ಹೊಲದಲ್ಲಿ ಕಡಿದ ಕಬ್ಬಿನ ಕೂಳೆ ಚಿಗುರಿತ್ತು. ಅಂದು ಲಗಮಣ್ಣ ಹಳೆಯ ವಾಲ್ಯೂಮ್ ಅಳಿಸುವಾಗ ನನ್ನನ್ನು ಕರೆದ. ಕೈ ಹಿಂದೆ ಕಟ್ಟಿಕೊಂಡು ನಿಂತೆ.

"ಕೈ ಬಿಡೋ, ಏನಾಗಂಗಿಲ್ಲ," ಎಂದ. ಕೀಲಿಮಣೆಯನ್ನು ಮಾತ್ರ ತನ್ನ ಕಡೆ ಸರಿಸಿಕೊಂಡ.