ಗಿರಿಜೆಗೆ ಕೇಳಿಸದ ಬೀಪು

ಹೋದ ತಿಂಗಳು ನನ್ನನ್ನು ಕೆಲಸದಿಂದ ತೆಗೆದುಹಾಕಿದರು. ಗಾಬರಿಯಾಗಬೇಡಿ. ತೆಗೆದದ್ದು ಪಾಲೋ ಆಲ್ಟೋದ ಆಫೀಸಿನವರಲ್ಲ. ನನ್ನ ಹೆಂಡತಿ.

ಗಿರಿಜೆ ಈ ಅಂಕಣಕ್ಕೆ ಹೊಸಬಳಲ್ಲ. ಆದರೂ ಇವತ್ತೇ ಮೊದಲ ಸಲ ಓದುತ್ತಿರುವವರಿಗಾಗಿ ಹೇಳುತ್ತೇನೆ. ಧಾರವಾಡದವಳು, ಮಕ್ಕಳ ಡಾಕ್ಟರು. ವಾರವಿಡೀ ಕ್ಲಿನಿಕ್ಕಿನಲ್ಲಿ ಅಳುವ ಮಕ್ಕಳನ್ನು ನಗಿಸುತ್ತಾಳೆ. ಶನಿವಾರ ಬಂತೆಂದರೆ ಪಿಸ್ತೂಲಿನ ಪೆಟ್ಟಿಗೆಯನ್ನು ಕಾರಿನ ಟ್ರಂಕಿನಲ್ಲಿಟ್ಟು, ಲಾಸ್ ಗ್ಯಾಟೋಸ್ ಆಚೆಯ ಬೆಟ್ಟದಲ್ಲಿರುವ ಶೂಟಿಂಗ್ ಕ್ಲಬ್ಬಿಗೆ ಹೊರಡುತ್ತಾಳೆ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದಿದ್ದವಳು. ಇಲ್ಲಿ ಯಾರೋ ನರ್ಸು ಒಂದು ಸಲ ಕ್ಲಬ್ಬಿಗೆ ಕರೆದುಕೊಂಡು ಹೋದದ್ದೇ ನೆಪ, ಹಳೇ ಹುಚ್ಚು ತಿರುಗಿ ಹತ್ತಿತು.

(ಲಿವರ್‌ಮೋರಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಪಿಸುಮಾತು ಬರುತ್ತದೆ. "ಆ ಡಾಕ್ಟರಮ್ಮ ಗನ್ ಇಟ್ಕೊಂಡಿದಾರಂತೆ ಕಣ್ರೀ." ಹಾಗೆಂದವರೇ ಐದು ನಿಮಿಷ ಬಿಟ್ಟು ಮಗುವಿನ ಕೆಮ್ಮಿಗೆ ಔಷಧಿ ಕೇಳಿಕೊಂಡು ಬರುತ್ತಾರೆ.)

ನಾನು ಮೈಸೂರಿನವನು. ದೀಪಾವಳಿಯಲ್ಲೂ ಸುರುಸುರು ಬತ್ತಿಗಿಂತ ಮುಂದೆ ಹೋದವನಲ್ಲ. ಆದರೆ ಇವಳದು ಪ್ರಾಕ್ಟಿಕಲ್ ಶೂಟಿಂಗು. ನೆಮ್ಮದಿಯಾಗಿ ನಿಂತು, ಉಸಿರು ಹಿಡಿದು, ಒಂದು ಗುಂಡು ಹೊಡೆದು ಬರುವ ಆಟವಲ್ಲ. ಸೂಚನೆ ಬಂದ ತಕ್ಷಣ ಸೊಂಟದ ಚೀಲದಿಂದ ಪಿಸ್ತೂಲು ತೆಗೆಯಬೇಕು, ಸಾಲಾಗಿ ನಿಲ್ಲಿಸಿದ ರಟ್ಟಿನ ಗುರಿಗಳಿಗೆ ಒಂದಾದ ಮೇಲೊಂದು ಹೊಡೆಯಬೇಕು. ಗುರಿ ಎಷ್ಟು ಮುಖ್ಯವೋ ವೇಗವೂ ಅಷ್ಟೇ ಮುಖ್ಯ. ವೇಗ ಎಂದಮೇಲೆ ಗಡಿಯಾರ ಬೇಡವೇ? ಆ ಗಡಿಯಾರ ನಾನು. ಅವಳ ಹಿಂದೆ ನಿಂತು, ಸ್ಟಾಪ್‌ವಾಚು ಹಿಡಿದು, "ಹೊಡಿ!" ಎಂದು ಗಟ್ಟಿಯಾಗಿ ಕೂಗುವುದು, ಕೊನೆಯ ಗುಂಡಿಗೆ ಬಟನ್ ಒತ್ತುವುದು.

ತೊಂದರೆ ಏನೆಂದರೆ, ಮೊದಲ ಗುಂಡಿನ ಸದ್ದಿಗೇ ನಾನು ಬೆಚ್ಚಿಬೀಳುತ್ತೇನೆ. ಕಿವಿಗೆ ದಪ್ಪನೆಯ ಇಯರ್‌ಮಫ್ ಹಾಕಿಕೊಂಡರೂ ಬೆಚ್ಚುತ್ತೇನೆ. ಒಂದು ಶನಿವಾರ ಅವಳು ತಿರುಗಿ ನಿಂತು ಹೇಳಿಯೇಬಿಟ್ಟಳು.

"ಅಲ್ರೀ, ನೀವು ಬಟನ್ ಒತ್ತೂದ್ರಾಗ ನಾ ಪಿಸ್ತೂಲು ಒಳಗ ಇಟ್ಟು ಮನೀಗೆ ಹೋಗಿರ್ತೀನಿ. ಇದು ನನ್ನ ಟೈಮೋ, ನಿಮ್ಮ ಅಂಜಿಕಿ ಟೈಮೋ?"

ಅಲ್ಲಿಗೆ ನನ್ನ ನೌಕರಿ ಹೋಯಿತು. ನನ್ನ ಜಾಗಕ್ಕೆ ಯಂತ್ರ ಬರಬೇಕೆಂದು ತೀರ್ಮಾನವಾಯಿತು.

ಈಚೆಗೆ ಶಾಟ್ ಟೈಮರ್ ಎಂಬುದೊಂದು ಬಂದಿದೆ. ಅದರ ಬಟನ್ ಒತ್ತಿದರೆ, ಸ್ವಲ್ಪ ಸತಾಯಿಸಿ, ಬೀಪ್ ಎನ್ನುತ್ತದೆ. ಒಳಗೊಂದು ಪುಟ್ಟ ಮೈಕ್ ಇದೆ. ಪ್ರತಿ ಗುಂಡಿನ ಸದ್ದನ್ನೂ ಕೇಳಿಸಿಕೊಂಡು, ಯಾವುದು ಯಾವಾಗ ಹೊರಟಿತು ಎಂದು ಲೆಕ್ಕ ಇಡುತ್ತದೆ. ಬೆಚ್ಚುವುದಿಲ್ಲ. ಕಾಫಿ ಕೇಳುವುದಿಲ್ಲ. "ಹೊರಡೋಣವಾ?" ಎಂದು ಗೊಣಗುವುದೂ ಇಲ್ಲ. ನನಗಿಂತ ಎಲ್ಲ ರೀತಿಯಲ್ಲೂ ಮೇಲು.

ನಾನು ಎಂಜಿನಿಯರು. ಹೊಸ ಯಂತ್ರ ಕೊಳ್ಳುವ ಮಾತು ಬಂದರೆ ಹೊಟ್ಟೆಕಿಚ್ಚು ಕೂಡ ಮರೆತುಹೋಗುತ್ತದೆ. ಶೂಟಿಂಗ್ ಪತ್ರಿಕೆಗಳ ಜಾಹೀರಾತು ಹರವಿಕೊಂಡು ಕುಳಿತೆ. ಬಿಸಿಲಲ್ಲಿ ಅಂಕಿ ಕಾಣುತ್ತದೆಯೇ? ಪಕ್ಕದವರು ಹೊಡೆದ ಗುಂಡನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿಬಿಡುತ್ತದೆಯೇ? ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದೇ? ಬ್ಯಾಟರಿ ಎಷ್ಟು ಕಾಲ ಬರುತ್ತದೆ? ಎಲ್ಲ ಯೋಚಿಸಿದೆ. ಒಂದನ್ನು ಬಿಟ್ಟು.

ಕ್ಲಬ್ಬಿನಲ್ಲಿ ಸ್ಪರ್ಧೆ ನಡೆಸುವವರು ವಾಲ್ಟರ್. ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗಿರಿಜೆಯನ್ನು ಕಂಡರೆ ಅವರಿಗೆ ಮಗಳಷ್ಟು ಅಕ್ಕರೆ. "ಪತ್ರಿಕೆ ನೋಡಿ ಕೊಳ್ಳಬೇಡಿ. ನಮ್ಮವರ ಹತ್ತಿರ ಮೂರು ತರಹದ್ದಿವೆ. ಶನಿವಾರ ಬಂದು ಮೂರನ್ನೂ ಬಳಸಿ ನೋಡಿ" ಎಂದರು.

ಹೋದೆವು. ಮರದ ಮೇಜಿನ ಮೇಲೆ ಮೂರು ಡಬ್ಬಗಳು ಕೂತಿದ್ದವು. ಮದುವೆ ಹೆಣ್ಣು ನೋಡಲು ಹೋದವರ ಹಾಗೆ ನಾವಿಬ್ಬರೂ ಸುತ್ತ ತಿರುಗಿ ನೋಡಿದೆವು. ನನಗೆ ಮೊದಲನೆಯದೇ ಇಷ್ಟವಾಯಿತು. ಸಣ್ಣದು, ಚೆಂದದ್ದು, ಹಗುರ. ಗಿರಿಜೆ ಇಯರ್‌ಮಫ್ ಏರಿಸಿಕೊಂಡು, ಗುಂಡಿಲ್ಲದ ಪಿಸ್ತೂಲನ್ನು ಸೊಂಟಕ್ಕಿಟ್ಟು, ಗುರಿಯ ಎದುರು ನಿಂತಳು. ವಾಲ್ಟರ್ ಹಿಂದೆ ನಿಂತು "ರೆಡಿ? ಸ್ಟ್ಯಾಂಡ್ ಬೈ" ಎಂದರು.

ಬೀಪ್.

ಗಿರಿಜೆ ಅಲುಗಲಿಲ್ಲ.

ವಾಲ್ಟರ್ ಮತ್ತೆ ಒತ್ತಿದರು. ಬೀಪ್. ಇಯರ್‌ಮಫ್ ಹಾಕಿಕೊಂಡೇ ನಿಂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಮೇಜಿನ ಹತ್ತಿರ ಇದ್ದವರೂ ತಲೆ ಎತ್ತಿದರು. ಗಿರಿಜೆ ಮಾತ್ರ ಕೈ ಇಳಿಬಿಟ್ಟು, ಗುರಿಯನ್ನೇ ನೋಡುತ್ತ, ಏಕಾಗ್ರತೆಯಿಂದ ಕಾಯುತ್ತಿದ್ದಳು. ಆಮೇಲೆ ಕತ್ತು ತಿರುಗಿಸಿ ನನ್ನನ್ನು ಕೇಳಿದಳು.

"ಯಾಕ್ರೀ, ಬ್ಯಾಟರಿ ಹೋಗ್ಯದೇನು?"

ವಾಲ್ಟರ್ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವರು ಟೈಮರನ್ನು ಜೇಬಿಗಿಳಿಸಿ, ಉಳಿದವರಿಂದ ದೂರಕ್ಕೆ ಅವಳನ್ನು ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

"ಡಾಕ್ಟರ್, ಬ್ಯಾಟರಿ ಸರಿಯಾಗಿದೆ. ಇವತ್ತು ನೀವು ಗುಂಡು ಹೊಡೆಯುವುದು ಬೇಡ."

"ನೀವು ಮಾತಾಡೋದು ಕೇಳಿಸುತ್ತಲ್ಲ? ನಿಲ್ಲಿಸಿ ಅಂತ ಕೂಗಿದರೆ ಕೇಳಿಸುತ್ತೆ" ಎಂದಳು, ಇಂಗ್ಲಿಷಿನಲ್ಲಿ.

"ಕೇಳಿಸಬಹುದು. ಆದರೆ ಏನು ಕೇಳಿಸುವುದಿಲ್ಲ ಅನ್ನೋದು ನಮಗಿಬ್ಬರಿಗೂ ಗೊತ್ತಿಲ್ಲ. ಅದು ಗೊತ್ತಾಗೋವರೆಗೆ ಬೇಡ." ಆಮೇಲೆ ಆ ಚೆಂದದ ಡಬ್ಬವನ್ನು ಅವಳ ಕೈಗಿಟ್ಟರು. "ಮನೆಗೆ ತಗೊಂಡು ಹೋಗಿ. ಸಮಾಧಾನವಾಗಿ ನೋಡಿ."

ಅವಳು ಸೊಂಟದ ಬೆಲ್ಟು ಬಿಚ್ಚಿದಳು.

ಫ್ರೀವೇಯಲ್ಲಿ ಬರುವಾಗ ನಾನು ಸುಮ್ಮನೆ ರೇಡಿಯೋ ತಿರುವುತ್ತ ಕುಳಿತೆ. ಕಾರು ಓಡಿಸುತ್ತಿದ್ದವಳು ಅರ್ಧ ದಾರಿಯಲ್ಲಿ ಸಿಡಿದಳು. "ಅದರ ಸಪ್ಪಳನ ಸಣ್ಣದು. ಇಲಿ ಕಿರುಗುಟ್ಟಿಧಂಗ. ಯಾರಿಗೆ ಕೇಳಸ್ತದ ಅದು?"

ಎಲ್ಲರಿಗೂ, ಎನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಮನೆಗೆ ಬಂದವಳೇ ಅಡುಗೆಮನೆಯ ನಡುವೆ ನನಗೆ ಬೆನ್ನು ಹಾಕಿ ನಿಂತಳು. ಕಿವಿಗೆ ಈಗ ಏನೂ ಇಲ್ಲ. "ಒತ್ತರಿ" ಎಂದಳು. ಒತ್ತಿದೆ. "ಹೂಂ, ಕೇಳಸ್ತು." ಹಿಂದೆ ಸರಿದು ಒತ್ತಿದೆ. ಅವಳು ಕಾಯುತ್ತಲೇ ಇದ್ದಳು. "ಒತ್ತರಿ ಅಂದ್ರ!" ಎಂದಳು. ಒತ್ತಿದ್ದೆನಲ್ಲ? ಬಲಗಿವಿ ಮುಚ್ಚಿಕೊಂಡಳು, ಎಡಗಿವಿ ಮುಚ್ಚಿಕೊಂಡಳು. ರೋಗಿಯನ್ನು ಪರೀಕ್ಷೆ ಮಾಡುವಷ್ಟೇ ಶಿಸ್ತಿನಿಂದ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಳು. ಮೈಕ್ರೋವೇವಿನಲ್ಲಿ ಮರೆತು ಆರಿಹೋಗುತ್ತಿದ್ದ ಹಾಲು, ಕೈಯಲ್ಲೇ ಇದ್ದ ಗಡಿಯಾರದ ಅಲಾರಂ ಕೂಗಿದರೂ ಏಳದ ಬೆಳಗುಗಳು, ಎಲ್ಲಕ್ಕೂ ಆವತ್ತು ಅರ್ಥ ಬಂತು. ನಾವಿಬ್ಬರೂ ಅದನ್ನು ಡಾಕ್ಟರರ ಮರೆವು ಎಂದುಕೊಂಡು ನಗುತ್ತಿದ್ದೆವು.

ಕೊನೆಗೆ ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ನಾನು ಶೂಟಿಂಗ್ ತಪ್ಪಿಹೋಗುತ್ತದೆಂಬ ಬೇಸರ ಇರಬೇಕೆಂದುಕೊಂಡೆ.

"ಹೋದ್ರೆ ಹೋಗ್ಲಿ ಬಿಡು ಗಿರಿಜಾ, ಬೇರೆ ಹವ್ಯಾಸ ಹುಡುಕೋಣ" ಎಂದೆ.

"ಪಿಸ್ತೂಲಿಂದು ಯಾರು ಕೇಳ್ಯಾರ್ರೀ?" ಎಂದಳು. "ಸ್ಟೆತಸ್ಕೋಪ್? ದಿನಾ ಎಷ್ಟು ಕೂಸಿನ ಎದಿ ಮ್ಯಾಲೆ ಇಟ್ಟು ಏನೂ ತೊಂದ್ರಿಲ್ಲ ಅಂತ ಕಳಸೀನಿ. ನಂಗ ಕೇಳಸದ ಇದ್ದದ್ದು ಏನರೆ ಇದ್ರ?"

ಅವಳ ಪಕ್ಕದಲ್ಲಿ ಕುಳಿತುಕೊಂಡೆ, ಅಷ್ಟೇ. ಅಂಥ ಹೊತ್ತಿನಲ್ಲಿ ಎಂಜಿನಿಯರು ಯಾವ ಕೆಲಸಕ್ಕೆ ಬರುತ್ತಾನೆ ಹೇಳಿ?

ಸೋಮವಾರ ಅವಳು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ಹೆಮ್ಮೆ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದವಳೇ ತನ್ನ ಜೊತೆಗಾರ ಡಾಕ್ಟರನ್ನು ಕರೆದು ಎಲ್ಲ ಹೇಳಿದಳು. "ನನ್ನ ಕಿವಿ ಪರೀಕ್ಷೆ ಆಗುವವರೆಗೆ ನಾನು ನೋಡಿದ ಪ್ರತಿ ಮಗುವಿನ ಎದೆಯನ್ನೂ ನೀವು ಇನ್ನೊಂದು ಸಲ ಕೇಳಿ" ಎಂದಳು. ಹಿಂದಿನ ವಾರ ನೋಡಿದ ಎಳೆಗೂಸುಗಳ ತಾಯಂದಿರಿಗೆ ಫೋನು ಮಾಡಿ, ಇನ್ನೊಮ್ಮೆ ಕರೆತನ್ನಿ ಎಂದಳು. ಯಾಕೆ ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರಿಗೆ ಕಿವಿ ಸರಿಯಿಲ್ಲ ಎಂಬ ಸುದ್ದಿ ದೇವಸ್ಥಾನದ ಸಾಲಿಗೆ ತಲುಪಲು ಎಷ್ಟು ಹೊತ್ತು ಬೇಕು? ಅದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹೇಳಿದಳು.

ಜೊತೆಗಾರರು ಕೇಳಿದ್ದಕ್ಕೂ ಇವಳು ಕೇಳಿದ್ದಕ್ಕೂ ಒಂದು ಮಗುವಿನಲ್ಲೂ ವ್ಯತ್ಯಾಸ ಬರಲಿಲ್ಲ. ಆದರೂ ಇವಳಿಗೆ ಸಮಾಧಾನವಿಲ್ಲ. ರಾತ್ರಿ ಊಟಕ್ಕೆ ಕುಳಿತರೆ ತುತ್ತು ಕೈಯಲ್ಲೇ ಇರುತ್ತಿತ್ತು.

ಆ ವಾರದ ಕೊನೆಗೆ ಕಿವಿಯ ಪರೀಕ್ಷೆಯಾಯಿತು. ಗಾಜಿನ ಕೋಣೆಯೊಳಗೆ ಅವಳು, ಹೊರಗೆ ಬೆಂಚಿನ ಮೇಲೆ ನಾನು. ಮುಗಿದ ಮೇಲೆ ಪರೀಕ್ಷೆ ಮಾಡಿದ ತಜ್ಞೆ ನನ್ನನ್ನೂ ಒಳಗೆ ಕರೆದು ಕೂರಿಸಿಕೊಂಡರು. ಹಕ್ಕಿಯ ಉಲಿ, ಅಲಾರಂ, ಬೀಪು, ಇಂಥ ತೆಳುವಾದ ಮೇಲಿನ ಸ್ವರಗಳು ಗಿರಿಜೆಗೆ ಕಡಿಮೆಯಾಗಿವೆ. ಬಲಗಿವಿಗೆ ಇನ್ನೂ ಕಡಿಮೆ. ಕೆಳಗಿನ ಸ್ವರಗಳೆಲ್ಲ ಭದ್ರವಾಗಿವೆ.

"ಎದೆಬಡಿತ?" ಗಿರಿಜೆ ಕೇಳಿದ್ದು ಅದೊಂದೇ.

"ಹೃದಯದ ಸದ್ದು ಕೆಳಗಿನ ಸ್ವರದ್ದು, ಡಾಕ್ಟರ್. ಅದು ನಿಮಗೆ ನನ್ನಷ್ಟೇ ಚೆನ್ನಾಗಿ ಕೇಳಿಸುತ್ತದೆ."

ಗಿರಿಜೆ ಅತ್ತಳು. ಮದುವೆಯಾದಾಗಿನಿಂದ ಅವಳು ಹೊರಗಿನವರೆದುರು ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ತಜ್ಞೆ ಟಿಶ್ಯೂ ಡಬ್ಬ ಮುಂದೆ ತಳ್ಳಿ, ಕಿಟಕಿಯ ಕಡೆ ನೋಡುತ್ತ ಕುಳಿತರು.

ಯಾಕೆ ಹೀಗಾಯಿತು? ಖಚಿತವಾಗಿ ಹೇಳುವುದು ಕಷ್ಟವಂತೆ. ಎನ್‌ಸಿಸಿಯಲ್ಲಿ ರೈಫಲ್ ಹೊಡೆಯುವಾಗ ಕಿವಿಗೆ ಏನು ಹಾಕಿಕೊಳ್ಳುತ್ತಿದ್ದಿರಿ ಎಂದು ಕೇಳಿದರು. "ಹತ್ತಿ" ಎಂದಳು. "ಅದೂ ನೆನಪಾದ್ರೆ." ತಜ್ಞೆ ಕಣ್ಣು ಮುಚ್ಚಿ ತೆರೆದರು. ಶೂಟಿಂಗ್ ಬಿಡಲೇಬೇಕೆಂದಿಲ್ಲ, ಆದರೆ ಇನ್ನು ಮೇಲೆ ಕಿವಿಯೊಳಗೆ ಪ್ಲಗ್ಗು, ಅದರ ಮೇಲೆ ಇಯರ್‌ಮಫ್, ಎರಡೂ ಇರಲೇಬೇಕು. ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬಾರದು.

ಮುಂದಿನ ಶನಿವಾರ ಮತ್ತೆ ಬೆಟ್ಟ ಹತ್ತಿದೆವು. ಈ ಸಲ ಗಿರಿಜೆ ವಾಲ್ಟರನ್ನು ಪಕ್ಕಕ್ಕೆ ಕರೆಯಲಿಲ್ಲ. ಎಲ್ಲರೆದುರು, ಮೇಜಿನ ಹತ್ತಿರ ನಿಂತು, ತನ್ನ ಕಿವಿಗೆ ಏನಾಗಿದೆ ಎಂದು ಹೇಳಿದಳು. ಆಮೇಲೆ ಒಬ್ಬ "ನನಗೂ ಮನೆಯ ಫೋನು ಕೇಳಿಸುವುದಿಲ್ಲ" ಎಂದ. ಇನ್ನೊಬ್ಬ "ನನ್ನ ಎಡಗಿವಿ ಹೋಗಿ ವರ್ಷಗಳಾದವು" ಎಂದ. ಅಷ್ಟು ಧೈರ್ಯಸ್ಥ ಗಂಡಸರೆಲ್ಲ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು! ವಾಲ್ಟರ್ ನಿಟ್ಟುಸಿರು ಬಿಟ್ಟು, ಅವರಿಬ್ಬರಿಗೂ ಆವತ್ತು ಗುಂಡು ಬೇಡ ಎಂದು ಬೆಂಚು ತೋರಿಸಿದರು.

ಆಮೇಲೆ ಆ ಸಂಗೀತದ ಮೇಷ್ಟ್ರು ಗಿರಿಜೆಯ ಮುಂದೆ ಸಿಳ್ಳೆಯಲ್ಲೇ ಸ್ವರ ಹಿಡಿದು, ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಕೇಳಿಸಿತೆಂದು ಅವಳು ಕೈ ಎತ್ತಿದ ಸ್ವರದಲ್ಲಿ ನಿಂತರು. "ಇದು ಜೋರಿನ ಮಾತಲ್ಲ, ಸ್ವರದ ಮಾತು" ಎಂದರು. ನಾನು ಎಲ್ಲ ಯೋಚಿಸಿ ಬಿಟ್ಟಿದ್ದ ಒಂದು ಅದೇ. ಟೈಮರ್ ಏನೇನು ಕೇಳಿಸಿಕೊಳ್ಳುತ್ತದೆ ಎಂದು ತಲೆ ಕೆಡಿಸಿಕೊಂಡಿದ್ದೆ. ಅದು ನಮ್ಮವಳಿಗೆ ಕೇಳಿಸುತ್ತದೆಯೇ ಎಂದು ಕೇಳಿರಲಿಲ್ಲ.

ಪ್ಲಗ್ಗು, ಇಯರ್‌ಮಫ್ ಎರಡೂ ಏರಿಸಿಕೊಂಡು ಅವಳು ನಿಂತಳು. ಎರಡನೆಯ ಡಬ್ಬದ ಬೀಪಿಗೆ, ಅಷ್ಟಕ್ಕಷ್ಟೇ ಎನ್ನುವಂತೆ ತಲೆ ಅಲ್ಲಾಡಿಸಿದಳು. ಮೂರನೆಯದು ಇಟ್ಟಿಗೆಯಷ್ಟು ದೊಡ್ಡದು, ಬಣ್ಣ ಕೆಟ್ಟದ್ದು, ಅದರ ಕೆಂಪು ಅಂಕಿ ಬಿಸಿಲಲ್ಲಿ ಕಾಣುವುದೇ ಇಲ್ಲ. ವಾಲ್ಟರ್ ಒತ್ತಿದರು. ಎಮ್ಮೆಕರು ಕೂಗಿದಂಥ ಸದ್ದು ಬೆಟ್ಟಕ್ಕೆ ಬಡಿದು ಬಂತು. ಗಿರಿಜೆಯ ಕೈ ಮಿಂಚಿನಂತೆ ಸೊಂಟಕ್ಕೆ ಹೋಯಿತು!

"ಇದ ಇರ್ಲಿ!" ಎಂದು ನಗುತ್ತ ತಿರುಗಿದಳು.

"ಅಂಕಿ ಕಾಣಲ್ವಲ್ಲ ಮಾರಾಯ್ತಿ?"

"ನೀವು ಟೊಪ್ಪಿಗಿ ಅಡ್ಡ ಹಿಡೀರಿ."

ಹೀಗೆ ನನಗೆ ಹೊಸ ನೌಕರಿ ಸಿಕ್ಕಿದೆ. ನೆರಳು ಹಿಡಿಯುವವನು. ಬೆಚ್ಚಿಬಿದ್ದರೂ ಅಡ್ಡಿಯಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಿರಿಜೆ ಬಿಡಬೇಕಲ್ಲ? "ಇಷ್ಟು ದಿನ ನನ್ನ ಹಿಂದ ನಿಂತೀರಿ, ನಿಮ್ಮ ಕಿವಿನೂ ನೋಡಿಸೂಣು" ಎಂದು ಮೊನ್ನೆ ನನ್ನನ್ನೂ ಆ ಗಾಜಿನ ಕೋಣೆಗೆ ತಳ್ಳಿದಳು. ತಜ್ಞೆ ಫಲಿತಾಂಶ ನೋಡಿ ಬೆರಗಾದರು. "ಈ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ನೋಡಿಯೇ ಇಲ್ಲ. ಒಂದು ಸ್ವರವೂ ತಪ್ಪಿಲ್ಲ" ಎಂದರು. ನಾನು ಬೀಗುತ್ತ ಕಾರು ಹತ್ತಿದೆ.

ಗಿರಿಜೆ ಕೀಲಿ ತಿರುಗಿಸಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಹಂಗಾರ, ಕಸದ ಡಬ್ಬಿ ಹೊರಗಿಡ್ರಿ ಅಂತ ನಾ ಇಷ್ಟು ವರ್ಷ ಒದರಿದ್ದು ನಿಮಗ ಕೇಳಸ್ತಿತ್ತು, ಹೌದಲ್ರೀ?"